ಧಿಕ್ಕಾರ ಯಾರಿಗೆ ಕೂಗೋದು?

ಕೊಳ್ಳೇಗಾಲದ ಯಳಂದೂರು ರಸ್ತೆ ಬದಿ ಬೈಕ್ ನಿಲ್ಲಿಸಿ ಬರೀತಿದೀನಿ. ಕಬಿನಿ ನಾಲೆ ನೀರಲ್ಲಿ ಭತ್ತ ಬೆಳೀತಿದ್ದ ಗದ್ದೆಗೆ ಕೆಮ್ಮಣ್ಣು ಸುರಿದು, ಹಳದಿ ಬಳಿದ ಕಲ್ಲು ನೆಟ್ಟಿದಾರೆ. ಪಕ್ಕದಲ್ಲೇ ಬೋರ್ಡು: 30-40 ಸೈಟು, ಲೋನ್ ಸೌಲಭ್ಯ ಇದೆ.

ಅತ್ತ ಬಿಡದಿ ಟೌನ್‌ಶಿಪ್‌ಗೆ ಅಂತ ಸರ್ಕಾರ 2025ರ ಮಾರ್ಚಲ್ಲಿ ಸಾವಿರಾರು ಎಕರೆ ಭೂಸ್ವಾಧೀನಕ್ಕೆ ಅಧಿಸೂಚನೆ ಹೊರಡಿಸ್ತು. ಅಲ್ಲಿನ ಭೈರಮಂಗಲದ ರೈತರು ಧರಣಿ ಕೂತರು. ಅವರಿಗೆ ಧಿಕ್ಕಾರ ಕೂಗೋಕೆ ಒಂದು ಪ್ರಾಧಿಕಾರವಾದರೂ ಇದೆ. ನಮ್ಮ ಕೊಳ್ಳೇಗಾಲದಲ್ಲಿ? ಮಗಳ ಮದುವೆಗೆ ಎರಡೆಕರೆ, ಸಾಲಕ್ಕೆ ಒಂದೆಕರೆ ಅಂತ ನಾವೇ ಮಾರ್ಕೊಂಡು ಕೂತಿದೀವಿ. (ಬೈಯೋ ಹಾಗೂ ಇಲ್ಲ. ರೇಷ್ಮೆ ಗೂಡಿನ ರೇಟು ನೋಡಿದೋರಿಗೆ ಗೊತ್ತು.) ಅಲ್ಲಿ ಕಿತ್ಕೊಂಡರೂ ಇಲ್ಲಿ ಕೊಟ್ಟರೂ ಗದ್ದೆಗೆ ಗತಿ ಒಂದೇ ಅಲ್ವಾ?

ಹನೂರಿನೋರೇ, ನಿಮ್ಮ ಕಡೆ ಕಲ್ಲು ನೆಡೋಕೆ ಶುರುವಾಯ್ತಾ, ಹೇಳ್ರಪ್ಪಾ.