ಹಸಿರೆಲ್ಲ ಅಡವಿಯಲ್ಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಬೇಸಗೆಯಲ್ಲಿ ಬಂದವರು ‘ಇಲ್ಲಿ ಅಡವಿಯೆಲ್ಲಿದೆ?’ ಎಂದು ಕೇಳುವುದುಂಟು. ಮಸಾರಿ ನೆಲ, ಹೆಬ್ಬಂಡೆಗಳ ಗುಡ್ಡ, ಎಲೆಯುದುರಿದ ಕುರುಚಲು, ಒಣಗಿದ ಹುಲ್ಲು. ಇವನ್ನು ಅಡವಿಯೆನ್ನಲು ಮಲೆನಾಡಿನವರಿಗೆ ಮನಸ್ಸು ಬಾರದು. ಆದರೆ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಇಂಥ ಗುಡ್ಡಗಳೇ 2013ರಲ್ಲಿ ಕರಡಿಧಾಮವಾದವು. ಬಂಡೆಯ ಸಂದು ಕರಡಿಗೆ ಮನೆ. ಗೆದ್ದಲು, ಬಾರಿಹಣ್ಣು, ಕವಳೆಹಣ್ಣುಗಳೇ ಅದಕ್ಕೆ ಮೃಷ್ಟಾನ್ನ.

ಈ ನೆಲ ಬಾನಿನಿಂದ ಹೇಗೆ ಕಂಡೀತು? 1988ರ ಮಾರ್ಚ್ 17ರಂದು ನಮ್ಮ ದೇಶದ ಐ.ಆರ್.ಎಸ್.-1ಎ ಎಂಬ ದೂರಸಂವೇದಿ ಉಪಗ್ರಹವು ಸುಮಾರು 900 ಕಿಲೋಮೀಟರ್ ಎತ್ತರಕ್ಕೇರಿತು. ಅದರ ಒಂದು ಕ್ಯಾಮೆರಾಕ್ಕೆ ಒಂದೂಕಾಲು ಎಕರೆಗೂ ಹೆಚ್ಚಿನ ನೆಲವು ಒಂದೇ ಚುಕ್ಕೆ! ಇಂದು ಹತ್ತು ಮೀಟರಿನ ಚೌಕವನ್ನೂ ಬಿಡಿಯಾಗಿ ಗುರುತಿಸುವ ಉಪಗ್ರಹಗಳಿವೆ. ಹಸಿರೆಲೆಯು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಬಹುವಾಗಿ ಪ್ರತಿಫಲಿಸುತ್ತದೆ. ಚಿತ್ರದಲ್ಲಿ ಆ ಕಿರಣಕ್ಕೆ ಕೆಂಪು ಬಣ್ಣ ಕೊಡುವುದು ವಾಡಿಕೆ. ಆದುದರಿಂದ ಅಲ್ಲಿ ಹಸಿರು ಕೆಂಪಾಗಿ ತೋರುತ್ತದೆ.

ಏಪ್ರಿಲ್ ತಿಂಗಳಿನ ಇಂಥದೊಂದು ಚಿತ್ರವನ್ನು ನಾನು ಪರಿಚಯದ ಕುರಿಗಾಹಿ ಹಿರಿಯರೊಬ್ಬರಿಗೆ ತೋರಿಸಿದೆ. ಗುಡ್ಡವೆಲ್ಲ ಬೂದುಬಣ್ಣ, ಹಳ್ಳದ ದಂಡೆಯಲ್ಲಿ ಮಾತ್ರ ಕೆಂಪು. ಕೆಂಪೆಂದರೆ ಹಸಿರು ಎಂದು ವಿವರಿಸಿದಾಗ ಅವರು ನಕ್ಕರು. “ಅದು ಬಳ್ಳಾರಿ ಜಾಲಿ ಮೇಷ್ಟ್ರೇ. ಅದರ ಬುಡದಾಗ ಹುಲ್ಲು ಹುಟ್ಟಲ್ಲ. ನಮ್ಮ ಕುರಿ ಮೇಯೋದು ಈ ಬೂದಿಯಾಗೇ!”

ಹೆಸರು ಬಳ್ಳಾರಿಯದಾದರೂ ಈ ಜಾಲಿಯ ತವರು ಅಮೆರಿಕ ಖಂಡ. ಕಡುಬೇಸಗೆಯಲ್ಲೂ ಹಸಿರಾಗಿರುವುದರಿಂದ ಚಿತ್ರದಲ್ಲಿ ಇದಕ್ಕೇ ಅಗ್ರಪೂಜೆ. ನಮ್ಮ ಹುಲ್ಲಾದರೋ ಬೇರಿನಲ್ಲಿ ಜೀವ ಹಿಡಿದು ಮಳೆಗಾಗಿ ಕಾಯುತ್ತಿರುತ್ತದೆ. ಅದಕ್ಕಾಗಿಯೇ ನಕ್ಷೆ ಬರೆಯುವವರು ಮಳೆಗಾಲ ಮುಗಿದಾಗಿನ ಚಿತ್ರವನ್ನೂ ಬೇಸಗೆಯ ಚಿತ್ರವನ್ನೂ ಹೋಲಿಸಿ ನೋಡುತ್ತಾರೆ. ಕೆಂಪೇರಿ ಮಾಸುವುದು ಹುಲ್ಲು ಅಥವಾ ಎಲೆಯುದುರಿಸುವ ಮರ, ಇಲ್ಲವೆ ಮಳೆಯಾಶ್ರಿತ ಬೆಳೆ. ಮಾಸದೆ ಉಳಿಯುವುದು ಜಾಲಿಯೋ ನೀರಾವರಿಯ ತೋಟವೋ ಇರಬಹುದು.

ಹೆಸರಿಡುವಲ್ಲಿ ಇನ್ನೊಂದು ತೊಡಕಿದೆ. 2000ದಲ್ಲಿ ಪ್ರಕಟವಾದ ದೇಶದ ಪಾಳುಭೂಮಿ ನಕ್ಷಾಸಂಪುಟದಲ್ಲಿ ಕುರುಚಲು ನೆಲವೂ ಪಾಳುಭೂಮಿಯೇ. ಪಾಳೆಂದ ಮೇಲೆ ಸಸಿ ನೆಡಲು ಗುಂಡಿ ತೋಡುವವರಿಗೂ ಕಾರ್ಖಾನೆ ಕಟ್ಟುವವರಿಗೂ ಸಂಕೋಚವೇಕೆ? ಮರದ ದಟ್ಟ ನೆರಳು ಬಿದ್ದಲ್ಲಿ ಹುಲ್ಲು ಸೊರಗುತ್ತದೆ. ಕುರಿಮಂದೆ ಬೇರೆಡೆ ಅಲೆಯಬೇಕಾಗುತ್ತದೆ. ಬಯಲನ್ನು ನೆಚ್ಚಿದ ತೋಳಕ್ಕೂ ನೆಲೆ ತಪ್ಪುತ್ತದೆ.

ಬಲ್ಲ ವಿಜ್ಞಾನಿಗಳು ಚಿತ್ರವನ್ನಷ್ಟೇ ನಂಬಿ ಕೂರುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು ಗುಡ್ಡ ಹತ್ತುತ್ತಾರೆ. ಚುಕ್ಕೆ ಚುಕ್ಕೆಯನ್ನೂ ನೆಲದೊಡನೆ ತಾಳೆ ನೋಡುತ್ತಾರೆ. ಹುಲ್ಲಿನ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಆ ಹೆಸರುಗಳನ್ನು ಹೇಳಬಲ್ಲ ಹಿರಿಯರು ನಮ್ಮ ಹಟ್ಟಿಗಳಲ್ಲಿ ಇನ್ನೂ ಇದ್ದಾರೆ.