ಬಂದರಿನಿಂದ ಬೋಳೂರಿನವರೆಗೆ

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಮಂಗಳೂರೆಂದರೆ ರೈಲು ಇಳಿಯುವ ಊರು, ಅಲ್ಲಿಂದ ಮದುವೆಗೋ ಕೋಲಕ್ಕೋ ಓಡುವ ಊರು. ಮುಂದಿನ ಸಲ ಹೋದಾಗ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹಳೇ ಬಂದರಿಗೆ ನಡೆದೇ ಇಳಿಯಬಹುದು.

ಮೊದಲು ಮೀನಿನ ವಾಸನೆ, ಆಮೇಲೆ ದಕ್ಕೆ. ನಿಮ್ಮ ಮಝಗಾಂವದ ಭಾವುಚಾ ಧಕ್ಕಾದಲ್ಲಿರುವ ಮಾತೇ ಇದು. ಎದುರಿಗೆ ಕಾಣುವ ನೀರು ಫಲ್ಗುಣಿ ನದಿ. ಗುರುಪುರ ಹೊಳೆ ಎಂದರೂ ಅದೇ. ಆಚೆ ಬೆಂಗ್ರೆಯ ಮರಳಿನ ದಿಣ್ಣೆ, ಅದರಾಚೆ ಕಡಲು. ತುಸು ದಕ್ಷಿಣಕ್ಕೆ ನೇತ್ರಾವತಿಯೂ ಬಂದು ಕೂಡಿ, ಎರಡೂ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಅಳಿವೆಯಲ್ಲಿ ಹೂಳು. ದೊಡ್ಡ ಹಡಗುಗಳು ಒಳಗೆ ಬರುವಂತಿರಲಿಲ್ಲ. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾದ ಮೇಲೆ ಭಾರೀ ವ್ಯಾಪಾರವೆಲ್ಲ ಅತ್ತ ಹೋಯಿತು. ಇಲ್ಲಿ ಉಳಿದದ್ದು ಮೀನುಗಾರಿಕೆ ಮತ್ತು ಲಕ್ಷದ್ವೀಪಕ್ಕೆ ಸರಕು ಹೊತ್ತು ಹೋಗುವ ಮಂಜಿಗಳು.

ಈ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. 14ನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ, ಪರ್ಷಿಯ ಮತ್ತು ಯಮನ್ ವರ್ತಕರು ಇಳಿಯುವ ಊರು ಇದೆಂದು ಬರೆದಿದ್ದಾನೆ. ಅವನಿಗಿಂತ 200 ವರ್ಷ ಮೊದಲೇ ಟ್ಯುನೀಷಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಇಲ್ಲಿ ಮನೆ ಮಾಡಿದ್ದ. ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಏಡನ್ನಿನಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸಿಕೊಳ್ಳುತ್ತಿದ್ದ. 1132ರ ಅಕ್ಟೋಬರಿನಲ್ಲಿ ಆಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರ ಅಭಿಪ್ರಾಯ.

ನನ್ನ ಮನಸ್ಸನ್ನು ಹಿಡಿದವನು ಮಾತ್ರ ಅವನ ಆಳು ಬೊಮ್ಮ. ಯಜಮಾನನ ಸರಕಿನೊಂದಿಗೆ ಏಡನ್ನಿಗೆ ಹೋಗಿ, ಅಲ್ಲಿ ಕುಡಿದು ದುಡ್ಡು ಕೇಳಿ ಪೀಡಿಸಿದನೆಂದು ಅಲ್ಲಿನ ವರ್ತಕ ದೂರು ಬರೆದಿದ್ದಾನೆ. (ನಮ್ಮವನೇ, ಸಂಶಯವಿಲ್ಲ!) ಮುಂದಿನ ಕಾಗದಗಳಲ್ಲಿ ಅವನಿಗೂ ವಂದನೆ ಬರುತ್ತದೆ. ಲೇಖಕ ಅಮಿತಾವ್ ಘೋಷ್ ಈ ಹೆಸರಿನ ಜಾಡು ಹಿಡಿದು ಮಂಗಳೂರಿಗೇ ಬಂದರು; ಅದು ತುಳುನಾಡಿನ ಬೊಮ್ಮನೇ ಎಂದು ಪ್ರೊ. ಬಿ. ಎ. ವಿವೇಕ ರೈಯವರ ನೆರವಿನಿಂದ ಗುರುತಿಸಿದರು. 1992ರ ಅವರ ಪುಸ್ತಕದಲ್ಲಿ ಈ ಕತೆಯಿದೆ. ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದೆಂದು ಕೈರೋದ ಯಹೂದಿಗಳು ಒಂದು ಕೋಣೆಯಲ್ಲಿ ತುಂಬಿಟ್ಟಿದ್ದರಿಂದ ಬೊಮ್ಮ ನಮಗೆ ಸಿಕ್ಕಿದ. ಅವನೇ ಆಡಿದ ಒಂದು ಮಾತೂ ಸಿಕ್ಕಿಲ್ಲ.

ಇನ್ನು ನಿಮ್ಮ ಅಜ್ಜ, ಮುತ್ತಜ್ಜನ ವಿಷಯ. ಘಟ್ಟದ ಕೆಳಗಿನವರಾಗಿದ್ದರೆ, ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಆ ತಲೆಮಾರಿನ ಎಷ್ಟೋ ಮಂದಿ ಮುಂಬಯಿಗೆ ಬಂದದ್ದು ಕಡಲ ದಾರಿಯಲ್ಲಿ. ಕೊಂಕಣ ರೈಲು ಪೂರ್ತಿಯಾದದ್ದೇ 1998ರಲ್ಲಿ. ಚಿಕ್ಕ ದೋಣಿಯಲ್ಲಿ ಅಳಿವೆ ದಾಟಿ, ಹೊರಗೆ ಲಂಗರು ಹಾಕಿ ನಿಂತ ಸ್ಟೀಮರನ್ನು ಹತ್ತಬೇಕಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಆ ಪ್ರಯಾಣದ ಬಗ್ಗೆ ನಮ್ಮ ಚಾಳುಗಳ ಯಾವ ಟ್ರಂಕಿನಲ್ಲಿ ಒಂದು ಚೀಟಿಯಿದೆ? ಯಾವ ಬಂದರಿನಲ್ಲಿ ಹತ್ತಿದರು, ಬುತ್ತಿಯಲ್ಲಿ ಏನಿತ್ತು, ಜತೆಗೆ ಯಾರಿದ್ದರು ಎಂದು ಹೇಳಬಲ್ಲ ಅಜ್ಜಿಯಂದಿರು ಇನ್ನೂ ಕೆಲವರಿದ್ದಾರೆ. ಅವರು ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆದುಕೊಳ್ಳಿ.

ಕತ್ತಲಾಗುವ ಮುಂಚೆ ಬೊಕ್ಕಪಟ್ಣದ ಮೇಲೆ ಬೋಳೂರಿಗೆ ನಡೆಯಿರಿ. ಹೊಳೆಯ ಅಂಚಿನಲ್ಲಿ ಸುಲ್ತಾನ್ ಬತ್ತೇರಿ. ಶತ್ರುಗಳ ಹಡಗು ಹೊಳೆಗೆ ನುಗ್ಗದಿರಲೆಂದು ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು. ಮೆಟ್ಟಿಲು ಹತ್ತಿ ತೋಪಿನ ಕಿಂಡಿಯಿಂದ ನೋಡಿದರೆ ಹೊಳೆ, ಆಚೆ ತಣ್ಣೀರುಬಾವಿಯ ಮರಗಳು, ಮಂಜಿಗಳು ಹೋಗುವ ದಾರಿ.