ಬ್ಲ್ಯಾಕ್ ಸಬ್ಬತ್: ಎಲ್ಲಿಂದ ಶುರು ಮಾಡೋದು?

ಇಲ್ಲಿ ಏನೂ ಬರೆಯದೆ ಬಹಳ ದಿನ ಆಯ್ತು. ಆಫೀಸು, ರಿಲೀಸು, ಮತ್ತದೇ ಗೋಳು, ಬಿಡಿ. "ಬ್ಲ್ಯಾಕ್ ಸಬ್ಬತ್ ಕೇಳಬೇಕು, ಯಾವ ಆಲ್ಬಮ್ಮಿಂದ ಶುರು ಮಾಡ್ಲಿ?" ಅಂತ ಯಾರಾದ್ರೂ ಕೇಳಿದ್ರೆ ನಾನು ವರ್ಷಗಟ್ಟಲೆ ಒಂದೇ ಉತ್ತರ ಕೊಡ್ತಿದ್ದೆ. 1970ರ 'ಪ್ಯಾರನಾಯ್ಡ್'. ಎಲ್ಲರೂ ಕೊಡೋ ಉತ್ತರ ಅದೇ. 'ವಾರ್ ಪಿಗ್ಸ್', 'ಐರನ್ ಮ್ಯಾನ್' ಎರಡೂ ಅದರಲ್ಲೇ ಇವೆ. ಶೀರ್ಷಿಕೆ ಹಾಡನ್ನಂತೂ ಆಲ್ಬಮ್ಮಿನಲ್ಲಿ ಜಾಗ ಉಳೀತು ಅಂತ ಗಡಿಬಿಡಿಯಲ್ಲಿ ಮಾಡಿದ್ದು, ಕೊನೆಗೆ ಅದೇ ಎಲ್ಲಕ್ಕಿಂತ ಹೆಚ್ಚು ಓಡಿತು!

ಅದಕ್ಕೂ ಮೊದಲು ಇನ್ನೊಂದು ತಪ್ಪು ಮಾಡಿದ್ದೆ. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ರೂಮ್‌ಮೇಟಿಗೆ ಮೊದಲ ಆಲ್ಬಮ್ಮನ್ನೇ ಕೇಳಿಸಿದೆ. 1970ರ ಫೆಬ್ರವರಿ 13, ಶುಕ್ರವಾರ ಬಂದಿದ್ದು, ಒಂದೇ ದಿನದಲ್ಲಿ ರೆಕಾರ್ಡ್ ಮಾಡಿ ಮುಗಿಸಿದ್ದು. ಶುರುವಿನಲ್ಲೇ ಮಳೆ, ಗುಡುಗು, ದೂರದಲ್ಲೊಂದು ಗಂಟೆ. ಅವನು ಇಯರ್‌ಫೋನ್ ಕಿತ್ತು ಕೈಗೆ ಕೊಟ್ಟ. "ಲೋ, ದೆವ್ವದ ಪಿಚ್ಚರ್ ಆದ್ರೆ ಲ್ಯಾಪ್‌ಟಾಪಲ್ಲೇ ಹಾಕು, ಎಲ್ಲರೂ ನೋಡೋಣ" ಅಂದ. ಇವತ್ತಿಗೂ ಅವನು ಸಬ್ಬತ್ ಕೇಳಿಲ್ಲ. ಪಾಪ ನನ್ನದೇ :)

ಈಗ ವಿಷಯಕ್ಕೆ ಬರ್ತೀನಿ. 2025ರ ಜುಲೈ 22ರಂದು ಆಝಿ ಆಸ್ಬರ್ನ್ ತೀರಿಕೊಂಡ. ಅದಕ್ಕೆ ಹದಿನೇಳು ದಿನ ಮುಂಚೆಯಷ್ಟೇ ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಿನಲ್ಲಿ ಮೂಲ ನಾಲ್ಕೂ ಜನ ಸೇರಿ ಕೊನೇ ಸಲ ನುಡಿಸಿದ್ದರು. ಮರುದಿನ ಬೆಳಿಗ್ಗೆ ನಾನು ಕಾಫಿ ಮುಟ್ಟದೆ ಫೋನ್ ನೋಡ್ತಾ ಕೂತಿದ್ದೆ. ಅಪ್ಪ "ಯಾರೋ ಹೋಗಿದ್ದು?" ಅಂದರು. ಹೇಳಿದೆ. ಗೊತ್ತಾಗಲಿಲ್ಲ. ಏನೋ ಮಾತಿಗೆ ಅಂತ ಗಿಟಾರ್ ನುಡಿಸೋ ಟೋನಿ ಅಯೋಮಿ ಕತೆ ಹೇಳೋಕೆ ಶುರು ಮಾಡಿದೆ.

ಕತೆ ನಿಮಗೂ ಗೊತ್ತಿರಬಹುದು. ಹದಿನೇಳು ವರ್ಷದ ಹುಡುಗ, ತಗಡಿನ ಫ್ಯಾಕ್ಟರಿಯಲ್ಲಿ ಕೆಲಸ. ಅವತ್ತೇ ಕೊನೇ ದಿನ. ಊಟಕ್ಕೆ ಮನೆಗೆ ಹೋದವನು ವಾಪಸ್ ಹೋಗಲ್ಲ ಅಂದರೂ ಅಮ್ಮ ಬಿಡಲಿಲ್ಲ. ಒಬ್ಬ ಕೆಲಸಗಾರರು ಬಂದಿರಲಿಲ್ಲ ಅಂತ ಇವನನ್ನ ಆ ಮಷಿನ್‌ಗೆ ಹಾಕಿದ್ರು. ಬಲಗೈಯ ಎರಡು ಬೆರಳಿನ ತುದಿ ಹೋಯ್ತು. ಅವನು ಎಡಚ, ಅಂದ್ರೆ ತಂತಿ ಒತ್ತೋ ಕೈಯೇ ಅದು.

ಅಪ್ಪ ಕೇಳಿದ್ದು ಗಿಟಾರ್ ಬಗ್ಗೆ ಅಲ್ಲ. "ಗೊತ್ತಿಲ್ಲದ ಮಷಿನ್ ಮೇಲೆ ಕೂರಿಸಿದ್ರಾ?" ಅಂತ.

ನಮ್ಮಪ್ಪ ಪೀಣ್ಯದಲ್ಲಿ ಇಪ್ಪತ್ತಾರು ವರ್ಷ ಪವರ್ ಪ್ರೆಸ್ ಮೇಲೆ ಕೆಲಸ ಮಾಡಿದವರು. ಅವರ ಎಡಗೈ ತೋರುಬೆರಳು ಮೊದಲ ಗೆಣ್ಣಿಗೇ ನಿಲ್ಲುತ್ತೆ. ನಾನು ಹುಟ್ಟಿದಾಗಿಂದ ನೋಡಿರೋ ಬೆರಳು, ಅದಕ್ಕೇ ಇರಬೇಕು, ಯಾವತ್ತೂ ಕೇಳಿರಲಿಲ್ಲ. ಅವತ್ತು ಅವರೇ ಹೇಳಿದರು. ನೈಟ್ ಶಿಫ್ಟು. ಪೀಸ್ ಜಾಸ್ತಿ ಬರಲಿ ಅಂತ ಗಾರ್ಡ್ ಬಿಚ್ಚಿಟ್ಟಿದ್ದರಂತೆ. ನೋವು ಆಮೇಲೆ ಬಂತು, ಮೊದಲು ಕಂಡಿದ್ದು ಗ್ಲೌಸ್ ಚಪ್ಪಟೆ ಆಗಿರೋದು ಅಂದರು. ಭಜನೆ ಮನೆಯಲ್ಲಿ ತಬಲಾ ಬಾರಿಸ್ತಿದ್ದರಂತೆ. ಅದೂ ನನಗೆ ಅವತ್ತೇ ಗೊತ್ತಾಗಿದ್ದು. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದೀನಿ ಸ್ವಾಮಿ!

ಸ್ವಲ್ಪ ಹೊತ್ತು ಬಿಟ್ಟು "ಎಲ್ಲಿ, ಆ ಹುಡುಗ ನುಡಿಸಿದ್ದು ಹಾಕು ನೋಡೋಣ" ಅಂದರು.

ಈಗ ಹೇಳಿ, ಅರವತ್ತೆರಡು ವರ್ಷದವರಿಗೆ, ಪಿ.ಬಿ. ಶ್ರೀನಿವಾಸ್ ಬಿಟ್ಟು ಬೇರೆ ಕೇಳದವರಿಗೆ, ಯಾವ ಆಲ್ಬಮ್? ಮಳೆ ಗಂಟೆ ಬೇಡ. 1972ರ 'ವಾಲ್ಯೂಮ್ 4'ರ 'ಚೇಂಜಸ್' ಪಿಯಾನೋ ಹಾಡು, ಅದನ್ನ ಹಾಕಿದ್ರೆ ಮೋಸ ಮಾಡಿದ ಹಾಗೆ. 1980ರ 'ಹೆವನ್ ಅಂಡ್ ಹೆಲ್' ನನಗೆ ಪ್ರಾಣ, ಆದರೆ ಅದರಲ್ಲಿ ಹಾಡೋದು ರಾನಿ ಜೇಮ್ಸ್ ಡಿಯೋ. ಅದು ಹೆಚ್ಚುಕಮ್ಮಿ ಬೇರೆಯೇ ಬ್ಯಾಂಡು. 'ಪ್ಯಾರನಾಯ್ಡ್' ಹಾಕಬಹುದಿತ್ತು. ಯಾಕೋ ಕೈ 'ಮಾಸ್ಟರ್ ಆಫ್ ರಿಯಾಲಿಟಿ' ಕಡೆ ಹೋಯ್ತು. 1971ರದ್ದು, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಕಾರಣ ಆಮೇಲೆ ಹೊಳೀತು. ತುದಿಯಿಲ್ಲದ ಬೆರಳಿಗೆ ಬಿಗಿ ತಂತಿ ಒತ್ತೋದು ಕಷ್ಟ. ಅಯೋಮಿ ಮೊದಲು ಬ್ಯಾಂಜೋ ತಂತಿ ಹಾಕ್ಕೊಂಡು ನೋಡಿದ್ದ. ಈ ಆಲ್ಬಮ್ಮಿನ ಹಲವು ಹಾಡಲ್ಲಿ ಶ್ರುತಿಯನ್ನೇ ಮೂರು ಅರ್ಧಸ್ವರ ಇಳಿಸಿಬಿಟ್ಟ. ತಂತಿ ಸಡಿಲ ಆಯ್ತು, ಸದ್ದು ದಪ್ಪ ಆಯ್ತು. ಆಮೇಲೆ ಬಂದ ಎಷ್ಟೋ ಹೆವಿ ಬ್ಯಾಂಡುಗಳು ಬೆರಳು ಸರಿಯಿದ್ದೂ ಹಾಗೇ ಇಳಿಸಿಕೊಂಡವು. ಈ ಬ್ಯಾಂಡು ಯಾಕೆ ಹೀಗೆ ಕೇಳಿಸುತ್ತೆ ಅನ್ನೋದಕ್ಕೆ ಉತ್ತರ ಇರೋ ಆಲ್ಬಮ್ ಇದು. ಅದಕ್ಕೇ ಈಗ ಯಾರು ಕೇಳಿದ್ರೂ ಇದೇ ಮೊದಲು ಅಂತೀನಿ, 'ಪ್ಯಾರನಾಯ್ಡ್' ಎರಡನೇದು, ಮಳೆ ಗಂಟೆಯದ್ದು ಮೂರನೇದು. ಹಿಟ್ಸ್ ಕಲೆಕ್ಷನ್ ಮಾತ್ರ ದಯವಿಟ್ಟು ಬೇಡ. ಅದು ಊಟದಲ್ಲಿ ಬರೀ ಹಪ್ಪಳ ತಿಂದ ಹಾಗೆ.

ಮೊದಲು ಅಯೋಮಿ ಕೆಮ್ಮೋದು ಕೇಳಿ ಅಪ್ಪ ನಕ್ಕರು. 'ಚಿಲ್ಡ್ರನ್ ಆಫ್ ದ ಗ್ರೇವ್' ಬಂದಾಗ "ಇದು ನಮ್ಮ ಶಾಪ್ ಸದ್ದು ಕಣೋ" ಅಂದರು. ಹೊಗಳಿದ್ದೋ ಬೈದದ್ದೋ ತಿಳೀಲಿಲ್ಲ, ಆದರೆ ಬಲಗೈ ಕುರ್ಚಿ ಮೇಲೆ ತಾಳ ಹಾಕ್ತಿತ್ತು. 'ಸಾಲಿಟ್ಯೂಡ್'ಗೆ ಸುಮ್ಮನಾದರು. ಮೆತ್ತಗಿನ ಹಾಡು, ಕೊಳಲೂ ಇದೆ. ಅದನ್ನೂ ನುಡಿಸಿರೋದು ಅಯೋಮಿಯೇ ಅಂದೆ.

"ಹಾಗಾದ್ರೆ ಬೆರಳಿಗೆ ಏನು ಹಾಕ್ಕೋತಿದ್ದ?"

ಪಾತ್ರೆ ತೊಳೆಯೋ ಲಿಕ್ವಿಡ್ ಬಾಟಲಿಯ ಪ್ಲಾಸ್ಟಿಕ್ ಕರಗಿಸಿ ಟೋಪಿ ಮಾಡ್ಕೊಂಡ, ಮೇಲೆ ಹಳೇ ಚರ್ಮದ ಜಾಕೆಟ್ಟಿನ ತುಂಡು ಅಂಟಿಸಿದ ಅಂದೆ. ಅಪ್ಪ ತಮ್ಮ ಬೆರಳನ್ನ ಹೆಬ್ಬೆರಳಿಂದ ಒಂದು ಸಲ ಒತ್ತಿ ನೋಡಿಕೊಂಡರು.

"ಯಾವ ಅಂಟು?"